ಸೀಟು ಸಿಕ್ಕಿದ ಮೇಲೆ

ಸಿಇಟಿ ರ‍್ಯಾಂಕ್ ಬಂದ ದಿನದಿಂದ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ನೆಂಟರು, ನೆಂಟರ ನೆಂಟರು, ಊರಿನವರು. ಎಲ್ಲರದೂ ಒಂದೇ ಪ್ರಶ್ನೆ. "ಮೇಷ್ಟ್ರೇ, ಈ ರ‍್ಯಾಂಕಿಗೆ ಯಾವ ಕಾಲೇಜು ಸಿಗುತ್ತೆ?" ಹಿಂದಿನ ವರ್ಷದ ಕಟ್-ಆಫ್ ನೋಡಿ ಹೇಳುತ್ತೇನೆ. ಇಂಜಿನಿಯರಿಂಗ್ ಮಕ್ಕಳಿಗೆ ಮೊದಲ ಸೆಮಿಸ್ಟರ್ ಗಣಿತ ಪಾಠ ಮಾಡುವುದು ನನ್ನ ಕೆಲಸ. ಹದಿನಾಲ್ಕು ವರ್ಷ ಆಯಿತು. ಇಷ್ಟು ವರ್ಷದಲ್ಲಿ "ಅಲ್ಲಿ ಸೇರಿದ ಮೇಲೆ ನನ್ನ ಮಗ ಹೇಗಿರ್ತಾನೆ, ಯಾರು ನೋಡ್ಕೋತಾರೆ?" ಅಂತ ಕೇಳಿದ ಅಪ್ಪ ಅಮ್ಮ ಮೂರೋ ನಾಲ್ಕೋ ಜನ.

ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಹಾಕುವ ಕೆಲಸ, ಮಾಡಿದವರಿಗೆ ಇದು ಗೊತ್ತು. ಸೀಟು ಹಂಚಿಕೆಯಾದ ಮೇಲೆ ಕೆಇಎ (ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಾಲ್ಕು ಚಾಯ್ಸ್ ಕೊಡುತ್ತದೆ. ಚಾಯ್ಸ್ 1 ಅಂದರೆ ಈ ಸೀಟು ಒಪ್ಪಿಗೆ, ಹೋಗಿ ಸೇರುತ್ತೇನೆ. 2 ಅಂದರೆ ಒಪ್ಪಿಗೆ, ಆದರೆ ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಸಿಕ್ಕರೆ ಕೊಡಿ. 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. 4 ಅಂದರೆ ಏನೂ ಬೇಡ. ಆ ಒಂದು ಕ್ಲಿಕ್ಕಿಗಾಗಿ ಮನೆಮಂದಿಯೆಲ್ಲ ರಾತ್ರಿಯಿಡೀ ಕೂತು ಯೋಚಿಸುತ್ತಾರೆ. ಆಮೇಲೆ ನಾಲ್ಕು ವರ್ಷದಲ್ಲಿ ಆ ಹುಡುಗನನ್ನು "ನಿನಗೆ ಇಲ್ಲಿ ಒಪ್ಪಿಗೆಯಾ?" ಅಂತ ಇನ್ನೊಂದು ಸಲ ಅಷ್ಟು ಗಂಭೀರವಾಗಿ ಯಾರೂ ಕೇಳುವುದಿಲ್ಲ.

ಕೆಲವು ವರ್ಷದ ಹಿಂದೆ ನನ್ನ ಕ್ಲಾಸಿಗೆ ಉತ್ತರ ಕರ್ನಾಟಕದ ಹಳ್ಳಿಯೊಂದರ ಹುಡುಗ ಬಂದಿದ್ದ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರಿಗೆ ಇರುವ ಶೇಕಡಾ 5ರ ಮೀಸಲಾತಿಯಲ್ಲಿ ಸೀಟು ಸಿಕ್ಕಿತ್ತು. ಲೆಕ್ಕದಲ್ಲಿ ಚುರುಕು. ಮೊದಲ ವಾರ ಮುಂದಿನ ಬೆಂಚಿನಲ್ಲಿ ಕೂತ. ಮೂರನೇ ವಾರಕ್ಕೆ ಹಿಂದಿನ ಬೆಂಚಿಗೆ ಹೋದ. ಆಮೇಲೆ ಬರುವುದೇ ಕಡಿಮೆಯಾಯಿತು. ಸೆಮಿಸ್ಟರ್ ಮುಗಿದಾಗ ಮೂರು ಸಬ್ಜೆಕ್ಟ್ ಉಳಿದಿದ್ದವು. ಎರಡನೇ ಸೆಮಿಸ್ಟರ್ ಅರ್ಧಕ್ಕೆ ಊರಿಗೆ ಹೋದವನು ವಾಪಸ್ ಬರಲಿಲ್ಲ. "ಇಂಗ್ಲಿಷ್ ಬರಲ್ಲ, ಕಷ್ಟ ಆಯ್ತು" ಅಂತ ಸ್ಟಾಫ್ ರೂಮಿನಲ್ಲಿ ಒಂದು ಮಾತಿನಲ್ಲಿ ಮುಗಿಸಿದೆವು.

ಅವನ ರೂಮ್‌ಮೇಟ್ ಎಷ್ಟೋ ದಿನದ ಮೇಲೆ ನಿಜ ಹೇಳಿದ. ಲ್ಯಾಬ್‌ನಲ್ಲಿ ಒಂದು ದಿನ ಅವನು "ಇದ್ ಹೆಂಗ್ರೀ ಸರ್?" ಅಂತ ಕೇಳಿದ್ದನಂತೆ. ಬ್ಯಾಚ್ ಪೂರ್ತಿ ನಕ್ಕಿತಂತೆ. ಅವತ್ತಿನಿಂದ ಅವನು ಕಾಲೇಜಿನಲ್ಲಿ ಬಾಯಿ ಬಿಡಲಿಲ್ಲ. ಅವನು ಕಾಲೇಜು ಬಿಟ್ಟಿದ್ದು ಪಾಠ ಅರ್ಥವಾಗದೆ ಅಲ್ಲ, ಅರ್ಥವಾಗದ್ದನ್ನು ಕೇಳುವ ಧೈರ್ಯ ಹೋಗಿದ್ದಕ್ಕೆ. ಆ ಹುಡುಗ ನನಗೆ ಹಾಜರಿಯಲ್ಲಿ ಒಂದು ರೋಲ್ ನಂಬರ್ ಆಗಿದ್ದ, ಅಷ್ಟೇ. ಒಂದು ಸಲವೂ ಹೆಸರು ಹಿಡಿದು ಕರೆದಿರಲಿಲ್ಲ. ಈ ನೋವು ಇವತ್ತಿಗೂ ಹೋಗಿಲ್ಲ.

ಆಮೇಲೆ ನಾನು ಈ ವಿಷಯದ ಸಂಶೋಧನೆ ಓದುವುದಕ್ಕೆ ಶುರು ಮಾಡಿದೆ. ಮಕ್ಕಳು ಕಾಲೇಜನ್ನು ಯಾಕೆ ಬಿಡುತ್ತಾರೆ, ಯಾರು ದಡ ಸೇರುತ್ತಾರೆ ಅಂತ ಐವತ್ತು ವರ್ಷದಿಂದ ಅಧ್ಯಯನ ನಡೆದಿದೆ. ಹೆಚ್ಚಿನದು ಅಮೆರಿಕದ್ದು. ಆದರೂ ಓದುತ್ತಾ ಹೋದ ಹಾಗೆ ನನ್ನ ಕ್ಲಾಸೇ ಕಣ್ಣಮುಂದೆ ಬಂತು.

1975ರಲ್ಲಿ ವಿನ್ಸೆಂಟ್ ಟಿಂಟೋ ಅನ್ನುವ ವಿದ್ವಾಂಸರು ಒಂದು ವಾದ ಮುಂದಿಟ್ಟರು. ಹುಡುಗ ಕಾಲೇಜು ಬಿಡುವುದು ಬುದ್ಧಿ ಸಾಲದ್ದರಿಂದ ಮಾತ್ರ ಅಲ್ಲ. ಎರಡು ಕಡೆ ಅವನು ಆ ಜಾಗಕ್ಕೆ ಹೊಂದಿಕೊಳ್ಳಬೇಕು. ಒಂದು ಪಾಠದ ಕಡೆ, ಇನ್ನೊಂದು ಜನರ ಕಡೆ. ಎರಡರಲ್ಲೂ ಎಳೆ ಕೂಡಲಿಲ್ಲವೋ, ಅವನು ಒಂದು ದಿನ ಎದ್ದು ಹೋಗುತ್ತಾನೆ. ಇದಕ್ಕೆ ಅವರು ಆಧಾರ ತೆಗೆದುಕೊಂಡಿದ್ದು ಎಲ್ಲಿಂದ ಗೊತ್ತಾ? ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ 1897ರಲ್ಲಿ ಆತ್ಮಹತ್ಯೆಯ ಬಗ್ಗೆ ಮಾಡಿದ ಅಧ್ಯಯನದಿಂದ. ಸಮಾಜದ ಜೊತೆಗಿನ ನಂಟು ಸಡಿಲವಾದಾಗ ಮನುಷ್ಯನಿಗೆ ಬದುಕೇ ಬೇಡವಾಗುತ್ತದೆ ಅನ್ನುವ ವಿಚಾರ ಅದು. ಕಾಲೇಜು ಬಿಡುವುದನ್ನು ಅದರ ಪಕ್ಕ ಇಟ್ಟು ನೋಡಿದ್ದು ಮೊದಲು ಓದಿದಾಗ ನನಗೆ ಮೈ ಜುಂ ಅಂದಿತ್ತು.

ಆದರೆ ಟಿಂಟೋ ಹೇಳಿದ್ದರಲ್ಲಿ ನನಗೊಂದು ಕಿರಿಕಿರಿ ಇತ್ತು. ಹೊಂದಿಕೊಳ್ಳಬೇಕಾದವನು ಯಾರು? ಹುಡುಗನೇ ಯಾಕೆ? ಇದೇ ಪ್ರಶ್ನೆಯನ್ನು 1992ರಲ್ಲಿ ವಿಲಿಯಂ ಟಿಯರ್ನಿ ಎತ್ತಿದ್ದರು. ಅಮೆರಿಕದ ಮೂಲನಿವಾಸಿ ಮಕ್ಕಳ ಜೊತೆ ಕೆಲಸ ಮಾಡಿದವರು ಅವರು. ಕಾಲೇಜಿನ ಸಂಸ್ಕೃತಿ ಒಂದು ವರ್ಗದ ಜನರದ್ದಾಗಿರುವಾಗ, ಬೇರೆಯವರಿಗೆ "ಹೊಂದಿಕೋ" ಅನ್ನುವುದು ನಿನ್ನ ಮನೆಯನ್ನು ಮರೆತು ಬಾ ಅಂದ ಹಾಗೆ ಅಂತ ಅವರು ವಾದಿಸಿದರು. ನಮ್ಮ ಹುಡುಗನಿಗೆ "ಹೆಂಗ್ರೀ" ಬಿಟ್ಟು ಬಾ ಅಂದ ಹಾಗೆ, ಅಲ್ವಾ?

ಲಾರಾ ರೆಂಡೋನ್ ಅವರ 1994ರ ಬರಹ ನನಗೆ ಎಲ್ಲಕ್ಕಿಂತ ಹತ್ತಿರ. ಟೆಕ್ಸಾಸ್‌ನ ಬಡ ಮೆಕ್ಸಿಕನ್ ಮೂಲದ ಮನೆಯಿಂದ ಬಂದು ಪ್ರೊಫೆಸರ್ ಆದವರು ಅವರು. ಮನೆಯಲ್ಲಿ ಕಾಲೇಜು ಕಂಡ ಮೊದಲಿಗರಾದ ಮಕ್ಕಳು ತಾವಾಗಿ ಮುಂದೆ ಬರುವುದು ಕಷ್ಟ ಅನ್ನುತ್ತಾರೆ ಅವರು. ಕೈ ಎತ್ತುವುದಿಲ್ಲ, ಮೇಷ್ಟ್ರ ರೂಮಿನ ಬಾಗಿಲು ತಟ್ಟುವುದಿಲ್ಲ, ಕ್ಲಬ್ ಸೇರುವುದಿಲ್ಲ. ಅಂಥ ಮಕ್ಕಳ ಹತ್ತಿರ ನಾವೇ ಹೋಗಬೇಕು. "ನಿನ್ನ ಕೈಲಿ ಆಗುತ್ತೆ, ನೀನು ಇಲ್ಲಿಗೆ ಸೇರಿದವನು" ಅಂತ ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಬೇಕು. ಅದು ಮೊದಲ ವಾರಗಳಲ್ಲೇ ಆಗಬೇಕು. ಹಾಗಾದಾಗ, ತಮ್ಮಿಂದ ಆಗಲ್ಲ ಅಂದುಕೊಂಡಿದ್ದ ಮಕ್ಕಳೂ ಚೇತರಿಸಿಕೊಂಡಿದ್ದನ್ನು ಅವರು ಕಂಡಿದ್ದರು. ನಾನು "ಡೌಟ್ ಇದ್ದರೆ ಬಂದು ಕೇಳಿ" ಅಂತ ಪ್ರತಿ ಕ್ಲಾಸಿನ ಕೊನೆಗೆ ಹೇಳುತ್ತಿದ್ದೆ. ಅಷ್ಟು ಹೇಳಿದರೆ ನನ್ನ ಜವಾಬ್ದಾರಿ ಮುಗಿಯಿತು ಅಂದುಕೊಂಡಿದ್ದೆ. ಆ ಮಾತು ಕೇಳಿ ಬರುತ್ತಿದ್ದವರು ಮೊದಲೇ ಧೈರ್ಯ ಇದ್ದವರು.

ಈಗ ಕಾಲೇಜು ಆಯ್ಕೆಯ ವಿಚಾರಕ್ಕೆ ಬರುತ್ತೇನೆ. ನಮ್ಮಲ್ಲಿ ಕಾಲೇಜಿಗೆ ಬರವಿಲ್ಲ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಜನಕ್ಕೆ ಕರ್ನಾಟಕದಲ್ಲಿ 66 ಕಾಲೇಜು. ದೇಶದಲ್ಲೇ ಜಾಸ್ತಿ. ದೇಶದ ಸರಾಸರಿ 30. ಇಷ್ಟರಲ್ಲಿ ಒಳ್ಳೆಯದು ಯಾವುದು ಅಂತ ಹೇಗೆ ಗುರುತಿಸುತ್ತೇವೆ? ಕಟ್-ಆಫ್ ನೋಡಿ. ಅಂದರೆ ಯಾವ ಮಕ್ಕಳು ಒಳಗೆ ಹೋಗುತ್ತಾರೆ ಅಂತ ನೋಡಿ. ಒಳಗೆ ಹೋದವರಿಗೆ ಕಾಲೇಜು ಏನು ಮಾಡಿತು ಅಂತ ನೋಡುವುದೇ ಇಲ್ಲ. ಅಲೆಕ್ಸಾಂಡರ್ ಆಸ್ಟಿನ್ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕರು ಜೀವಮಾನವಿಡೀ ಇದನ್ನೇ ಹೇಳಿದರು. ಬಂದಾಗ ಹುಡುಗ ಹೇಗಿದ್ದ, ಇಲ್ಲಿ ಅವನಿಗೆ ಏನು ಸಿಕ್ಕಿತು, ಹೋಗುವಾಗ ಹೇಗಾದ. ಮೂರನ್ನೂ ಸೇರಿಸಿ ನೋಡದೆ ಕಾಲೇಜನ್ನು ಅಳೆಯಬಾರದು. ಮೊದಲೇ ಚೆನ್ನಾಗಿ ಓದುವವರನ್ನು ಆರಿಸಿಕೊಂಡು, ಕೊನೆಗೆ ಅವರ ಮಾರ್ಕ್ಸನ್ನು ಫ್ಲೆಕ್ಸಿನಲ್ಲಿ ಹಾಕಿದರೆ ಅದರಲ್ಲಿ ಕಾಲೇಜಿನ ಪಾಲು ಎಷ್ಟು?

ಇದಕ್ಕೆ ಸಂಬಂಧಪಟ್ಟ ಇನ್ನೊಂದು ಅಧ್ಯಯನವನ್ನು ನೆಂಟರಿಗೆಲ್ಲ ಹೇಳುತ್ತಿರುತ್ತೇನೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಅನ್ನುವ ಸಂಶೋಧಕರು 2002ರಲ್ಲಿ ಪ್ರಕಟಿಸಿದ್ದು. 1976ರಲ್ಲಿ ಕಾಲೇಜು ಸೇರಿದ ಅಮೆರಿಕದ ಮಕ್ಕಳನ್ನು ಅವರು ನೋಡಿದರು. ಒಂದೇ ರೀತಿಯ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ರೀತಿ ಸೀಟು ಪಡೆದವರು. ಅವರಲ್ಲಿ ಕೆಲವರು ದೊಡ್ಡ ಹೆಸರಿನ ಕಾಲೇಜಿಗೆ ಹೋದರು, ಕೆಲವರು ಅದನ್ನು ಬಿಟ್ಟು ಬೇರೆ ಕಡೆ ಹೋದರು. ಸುಮಾರು ಇಪ್ಪತ್ತು ವರ್ಷದ ಮೇಲೆ ಇವರ ದುಡಿಮೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆದರೆ ಬಡ ಮನೆಯ ಮಕ್ಕಳ ವಿಷಯದಲ್ಲಿ ಹಾಗಲ್ಲ, ಅವರಿಗೆ ಒಳ್ಳೆಯ ಕಾಲೇಜಿನಿಂದ ಲಾಭವಾಗಿತ್ತು. ನನಗೆ ಮುಖ್ಯ ಅನ್ನಿಸಿದ್ದು ಈ ಎರಡನೇ ಭಾಗ. ಅನುಕೂಲಸ್ಥರ ಮಗು ಎಲ್ಲಿ ಓದಿದರೂ ಅಪ್ಪನ ಪರಿಚಯ, ಮನೆಯ ಮಾತು, ಸಂಪರ್ಕ ಜೊತೆಗಿರುತ್ತದೆ. ಹೊಲದಲ್ಲಿ ದುಡಿಯುವವರ ಮಗುವಿಗೆ ಅದೆಲ್ಲ ಸಿಗಬೇಕಾದ್ದು ಕಾಲೇಜಿನಲ್ಲೇ. ಅಲ್ಲೂ ಸಿಗದಿದ್ದರೆ ಬೇರೆಲ್ಲೂ ಸಿಗುವುದಿಲ್ಲ.

ಇನ್ನು ತೃಪ್ತಿಯ ವಿಚಾರ. 2017ರಿಂದ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಮೌಲ್ಯಮಾಪನದಲ್ಲಿ ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆಯೂ ಸೇರಿದೆ. ಮಕ್ಕಳಿಗೇ ಮೇಲ್ ಹೋಗುತ್ತದೆ, ಅವರೇ ಉತ್ತರಿಸಬೇಕು. ಉದ್ದೇಶ ಒಳ್ಳೆಯದು, ನಾನು ಅದರ ಪರ. ಆದರೆ ಹಿಂದೆ ನಾನಿದ್ದ ಒಂದು ಕಾಲೇಜಿನಲ್ಲಿ ಮಕ್ಕಳನ್ನು ಕಂಪ್ಯೂಟರ್ ಲ್ಯಾಬಿಗೆ ಕರೆಸಿ, ಹಿಂದೆ ನಿಂತು ಭರ್ತಿ ಮಾಡಿಸಿದರು. ಒಬ್ಬ ಹುಡುಗಿ ಬೆರಳು ಮೌಸಿನ ಮೇಲಿಟ್ಟುಕೊಂಡು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ನಾಲ್ಕು ವರ್ಷದಲ್ಲಿ ಅವಳ ಮಾತು ಕೇಳಬಹುದಾಗಿದ್ದ ಒಂದು ಅವಕಾಶ ಅದು, ಅದನ್ನೂ ಕಿತ್ತುಕೊಂಡೆವು.

ಪ್ರಾಮಾಣಿಕವಾಗಿ ಕೇಳಿದರೂ ತೃಪ್ತಿ ಮತ್ತು ಕಲಿಕೆ ಎರಡೂ ಒಂದೇ ಅಲ್ಲ, ಇದನ್ನೂ ಹೇಳಬೇಕು. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಮಾಡಿದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಕೆಲವರಿಗೆ ಸೊಗಸಾದ ಉಪನ್ಯಾಸ, ಕೆಲವರಿಗೆ ಗುಂಪಿನಲ್ಲಿ ಕೂತು ತಾವೇ ತಿಣುಕಾಡಿ ಲೆಕ್ಕ ಬಿಡಿಸುವ ಕ್ಲಾಸು. ಜಾಸ್ತಿ ಕಲಿತವರು ತಿಣುಕಾಡಿದವರು. ಆದರೆ ಜಾಸ್ತಿ ಕಲಿತೆವು ಅಂತ ಅನ್ನಿಸಿದ್ದು ಉಪನ್ಯಾಸ ಕೇಳಿದವರಿಗೆ! ಹಾಗಾಗಿ ಫೀಡ್‌ಬ್ಯಾಕ್ ಅಂಕ ಕಡಿಮೆ ಬಂತು ಅಂತ ಮೇಷ್ಟ್ರನ್ನು ಬೈಯುವುದೂ ತಪ್ಪು. "ಪಾಠ ಚೆನ್ನಾಗಿತ್ತಾ?" ಅನ್ನುವುದಕ್ಕಿಂತ "ನಿನಗೆ ಅರ್ಥವಾಗದಾಗ ಕೇಳೋಕೆ ಇಲ್ಲಿ ಒಬ್ಬರಾದರೂ ಇದ್ದಾರಾ?" ಅಂತ ಕೇಳಬೇಕು. ನಾನು ನೋಡಿದ ಹಾಗೆ, ಆ ಉತ್ತರ "ಇದ್ದಾರೆ" ಅಂದ ಮಕ್ಕಳು ಬ್ಯಾಕ್‌ಲಾಗ್ ಬಂದರೂ ಕಾಲೇಜು ಬಿಡದೆ ನಿಲ್ಲುತ್ತಾರೆ.

ಕೊನೆಯದಾಗಿ ನನ್ನ ಪಾಠದ ರೀತಿಯನ್ನೇ ಬದಲಿಸಿದ ಅಧ್ಯಯನ. 2011ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಪ್ರಕಟಿಸಿದ್ದು. ಮೊದಲ ವರ್ಷದ ಮಕ್ಕಳಿಗೆ ಸೀನಿಯರ್‌ಗಳ ಅನುಭವಗಳನ್ನು ಓದಲು ಕೊಟ್ಟರು. ಎಲ್ಲದರಲ್ಲೂ ಒಂದೇ ಸಾರ: ಮೊದಮೊದಲು ನನಗೂ ಇದು ನನ್ನ ಜಾಗ ಅಲ್ಲ ಅನ್ನಿಸಿತ್ತು, ಆಮೇಲೆ ಹೋಯಿತು. ಅದನ್ನೋದಿ ಮಕ್ಕಳು ತಮ್ಮ ಅನುಭವವನ್ನೂ ಬರೆದರು. ಸುಮಾರು ಒಂದು ಗಂಟೆಯ ಕೆಲಸ. ಮುಂದಿನ ಮೂರು ವರ್ಷ ಕಪ್ಪು ವಿದ್ಯಾರ್ಥಿಗಳ ಅಂಕ ಮೇಲೇರಿತು, ಬಿಳಿಯರ ಜೊತೆಗಿನ ಅಂತರ ಅರ್ಧಕ್ಕೆ ಇಳಿಯಿತು. ಯಾಕೆ? ಯಾರಾದರೂ ನಕ್ಕಾಗ, ಕಡಿಮೆ ಮಾರ್ಕ್ಸ್ ಬಂದಾಗ "ನಾನು ಇಲ್ಲಿಯವನಲ್ಲ" ಅಂತ ಓದಿಕೊಳ್ಳುವ ಬದಲು "ಇದು ಎಲ್ಲರಿಗೂ ಆಗುತ್ತೆ" ಅಂತ ಓದಿಕೊಂಡರು.

ಅದು 92 ಮಕ್ಕಳ ಸಣ್ಣ ಪ್ರಯೋಗ. 22 ಸಂಸ್ಥೆಗಳ 26,911 ವಿದ್ಯಾರ್ಥಿಗಳ ಮೇಲೆ ಇದನ್ನೇ ಮಾಡಿ ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾದಾಗ ಇನ್ನೊಂದು ಸತ್ಯ ಗೊತ್ತಾಯಿತು. ಆ ಮಕ್ಕಳಿಗೆ ನಿಜವಾಗಿಯೂ ಇದು ನಮ್ಮ ಜಾಗ ಅನ್ನಿಸಲು ಅವಕಾಶ ಇದ್ದ ಕಾಲೇಜುಗಳಲ್ಲಿ ಮಾತ್ರ ಅದು ಫಲ ಕೊಟ್ಟಿತು. ಕಾಲೇಜೇ ಬಾಗಿಲು ಹಾಕಿಕೊಂಡಿದ್ದರೆ "ಇದು ನಿನ್ನ ಜಾಗ" ಅಂತ ಎಷ್ಟು ಹೇಳಿದರೂ ಮಗು ನಂಬುವುದಿಲ್ಲ. ನಂಬಲೂಬಾರದು.

ನಮ್ಮಲ್ಲೂ ಇದಕ್ಕೆ ಜಾಗ ಇದೆ. ಮೊದಲ ವರ್ಷದವರಿಗೆ ಮೂರು ವಾರದ ಪರಿಚಯ ಕಾರ್ಯಕ್ರಮ ಮಾಡಿ ಅಂತ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಹೇಳಿದೆ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2019ರಲ್ಲಿ "ದೀಕ್ಷಾರಂಭ" ಅಂತ ಮಾರ್ಗದರ್ಶಿಯನ್ನೇ ಕೊಟ್ಟಿದೆ. ನಾನು ಕಂಡ ಕಡೆಗಳಲ್ಲಿ ಅದು ಮೂರು ದಿನದ ಭಾಷಣವಾಗಿ ಮುಗಿಯುತ್ತದೆ. ವೇದಿಕೆ ಮೇಲೆ ಹತ್ತು ಜನ, ಕೆಳಗೆ ಆರುನೂರು ಮಕ್ಕಳು. ಕೆಳಗಿನವರಲ್ಲಿ ಒಬ್ಬರ ಹೆಸರನ್ನೂ ಮೇಲಿನವರು ಕೇಳುವುದಿಲ್ಲ.

ನಾನೀಗ ಮೊದಲ ಎರಡು ವಾರದೊಳಗೆ ನನ್ನ ಕ್ಲಾಸಿನ ಅಷ್ಟೂ ಮಕ್ಕಳ ಹೆಸರು ಕಲಿಯುತ್ತೇನೆ. ಊರು ಕೇಳುತ್ತೇನೆ. ಕನ್ನಡದಲ್ಲಿ ಡೌಟ್ ಕೇಳಿದರೆ ಮೊದಲು ಕನ್ನಡದಲ್ಲೇ ಉತ್ತರ ಹೇಳಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತೇನೆ. ಬೆಂಚು ಹಿಂದಕ್ಕೆ ಬದಲಿಸಿದವರನ್ನು ಅದೇ ದಿನ ಕರೆದು ಮಾತಾಡಿಸುತ್ತೇನೆ.

ಈ ಸಲ ಇನ್ನೊಂದು ಕೆಲಸ ಮಾಡಬೇಕು ಅಂತಿದೆ, ಅದಕ್ಕೆ ನಿಮ್ಮ ಸಹಾಯ ಬೇಕು. ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ, ಮನೆಯಲ್ಲಿ ಮೊದಲಿಗರಾಗಿ ಕಾಲೇಜಿಗೆ ಹೋದವರು ಈ ಪೋಸ್ಟ್ ಓದುತ್ತಿದ್ದರೆ, ನಿಮ್ಮ ಮೊದಲ ಸೆಮಿಸ್ಟರ್ ಹೇಗಿತ್ತು ಅಂತ ಒಂದು ಪುಟ ಬರೆದು ನನಗೆ ಇನ್‌ಬಾಕ್ಸ್ ಮಾಡಿ. ನಿಮ್ಮ ಊರಿನ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ಎಲ್ಲಿ ಅತ್ತಿರಿ, ಯಾರು ನಕ್ಕರು, ಯಾರು ಪಕ್ಕ ಬಂದು ಕೂತರು, ಯಾವಾಗ ಸರಿಹೋಯಿತು, ಎಲ್ಲ ಇರಲಿ. ಹೆಸರು ಹಾಕದಿದ್ದರೂ ಪರವಾಗಿಲ್ಲ. ತರಗತಿ ಶುರುವಾದ ಮೊದಲ ಸೋಮವಾರ ಇಂಟಿಗ್ರೇಷನ್ ಶುರು ಮಾಡುವ ಮೊದಲು ಅವನ್ನು ಮಕ್ಕಳ ಕೈಗೆ ಕೊಡುತ್ತೇನೆ.