ಮೇ ತಿಂಗಳ ದುಬೈ, ಇಬ್ರು ಮಕ್ಕಳು ಮತ್ತೆ ಭಾವನ ಎಕ್ಸೆಲ್ ಶೀಟು

ಮಾರ್ಚ್ ಬಂತು ಅಂದ್ರೆ ಸಾಕು ನನ್ನ ಫೋನು ಶುರು ಹಚ್ಕೊಳ್ಳುತ್ತೆ. "ಮಕ್ಕಳಿಗೆ ರಜಾ ಕಣೇ, ದುಬೈಗೆ ಬರೋಣ ಅಂತಿದೀವಿ, ಟಿಕೆಟ್ ಚೀಪಾಗಿ ಸಿಕ್ತಿದೆ." ಚೀಪಾಗಿ ಯಾಕೆ ಸಿಕ್ತಿದೆ ಅಂತ ಮಾತ್ರ ಯಾರೂ ಕೇಳಲ್ಲ. ಹನ್ನೊಂದು ವರ್ಷದಿಂದ ಇಲ್ಲಿದೀನಿ, ಬನ್ನಿ ಅನ್ನೋಕೆ ನಂಗೂ ಖುಷಿನೇ, ಆದ್ರೆ ಸಣ್ಣ ಮಕ್ಕಳನ್ನ ಕಟ್ಕೊಂಡು ಮೇನಲ್ಲಿ ಬರ್ತೀವಿ ಅಂದ್ರೆ ಹೊಟ್ಟೆಯಲ್ಲಿ ಕಲಸಿದಂಗಾಗುತ್ತೆ. ಬಿಸಿಲು ಅಲ್ವಾ ಅಂದ್ರೆ ಎಲ್ಲರದೂ ಒಂದೇ ಉತ್ತರ, "ಅಲ್ಲಿ ಎಲ್ಲಾ ಕಡೆ ಎಸಿ ತಾನೆ!"

ಎಸಿ ಇದೆ, ನಿಜ. ಬಸ್ ಸ್ಟಾಪಿಗೂ ಎಸಿ ಹಾಕಿದಾರೆ. ಆದ್ರೆ ಸುಸ್ತು ಮಾಡೋದು ಒಂದು ಎಸಿಯಿಂದ ಇನ್ನೊಂದು ಎಸಿಗೆ ಹೋಗೋ ಆ ಹತ್ತು ನಿಮಿಷ. ಹೋಟೆಲ್ ಬಾಗಿಲಿಂದ ಟ್ಯಾಕ್ಸಿ ಬರೋವರೆಗೂ ನಿಲ್ಲೋದು, ಪಾರ್ಕಿಂಗಲ್ಲಿ ನಿಂತಿದ್ದ ಕಾರಿನ ಸೀಟ್ ಬೆಲ್ಟ್ ಕೊಕ್ಕೆ ಮಗು ತೊಡೆಗೆ ತಾಗಿ ಚುರ್ ಅನ್ನೋದು, ಒಳಗೆ ಹೋದ ತಕ್ಷಣ ಬೆವರಿದ ಬನಿಯನ್ ಮೇಲೆ ತಣ್ಣನೆ ಗಾಳಿ ಬಡಿಯೋದು, ಮತ್ತೆ ಆಚೆ ಬಂದ್ರೆ ಕನ್ನಡಕ ಪೂರ್ತಿ ಮಂಜು ಹಿಡಿಯೋದು. ದಿನಕ್ಕೆ ಎಂಟು ಸಲ ಹಿಂಗಾದ್ರೆ ದೊಡ್ಡೋರೇ ಮಲಗಿಬಿಡ್ತಾರೆ. ಅದಕ್ಕೇ ಬೇಸಿಗೆ ದುಬೈಗೆ ಪ್ಯಾಕ್ ಮಾಡುವಾಗ ಎಲ್ಲರೂ ಮರೆಯೋ ಬಟ್ಟೆ ಅಂದ್ರೆ ಸ್ವೆಟರ್. ನಗಬೇಡಿ, ಮಾಲ್‌ನಲ್ಲಿ ಎರಡು ಗಂಟೆ ಕೂತು ನೋಡಿ ಆಮೇಲೆ ಹೇಳಿ.

ರಾಯಚೂರು, ಕಲಬುರಗಿ ಕಡೆಯೋರು ಬೇರೆ ತರ. "ಹೋಗ್ರೀ, ನಮ್ಮೂರಾಗೂ 42 ಆಗ್ತದ" ಅಂತಾರೆ. ಆಗುತ್ತೆ, ಒಪ್ಕೊಂಡೆ. ಆದ್ರೆ ಅಲ್ಲಿಂದು ಒಣ ಬಿಸಿಲು, ನೆರಳಿಗೆ ಹೋದ್ರೆ ಜೀವ ಬರುತ್ತೆ. ಇಲ್ಲಿ ಪಕ್ಕದಲ್ಲೇ ಸಮುದ್ರ, ಆ ಶಾಖಕ್ಕೆ ಮಂಗಳೂರಿನ ಸೆಖೆ ಸೇರಿಸ್ಕೊಳ್ಳಿ. ಜುಲೈ ಆಗಸ್ಟಲ್ಲಿ ರಾತ್ರಿ ಹತ್ತಕ್ಕೂ 30ರ ಮೇಲೇ ಇರುತ್ತೆ, ಬೆವರು ಆರೋದೇ ಇಲ್ಲ. ಬೆವರು ಆರದಿದ್ರೆ ಮೈ ತಣ್ಣಗಾಗಲ್ಲ, ಮಕ್ಕಳಿಗಂತೂ ದೊಡ್ಡೋರಿಗಿಂತ ಬೇಗ ಮೈ ಕಾಯುತ್ತೆ, ಮತ್ತೆ ಆಟದ ಗುಂಗಲ್ಲಿದ್ರೆ ನೀರು ಬೇಕು ಅಂತ ಅವು ಬಾಯಿಬಿಟ್ಟು ಕೇಳೋದೂ ಇಲ್ಲ.

ಇಲ್ಲೊಂದು ಕಾನೂನಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12:30ರಿಂದ 3 ಗಂಟೆವರೆಗೂ ಬಿಲ್ಡಿಂಗ್ ಕೆಲಸದೋರನ್ನ ಬಿಸಿಲಲ್ಲಿ ದುಡಿಸಂಗಿಲ್ಲ, ದುಡಿಸಿದ್ರೆ ಒಬ್ಬೊಬ್ಬ ಕೆಲಸಗಾರನ ಲೆಕ್ಕದಲ್ಲಿ 5000 ದಿರ್ಹಮ್ ದಂಡ. ಆ ಹೊತ್ತಲ್ಲಿ ಅವ್ರು ಎಲ್ಲಿ ನೆರಳು ಸಿಕ್ಕುತ್ತೋ ಅಲ್ಲಿ ರಟ್ಟು ಹಾಸ್ಕೊಂಡು ಮಲಗಿರ್ತಾರೆ. ಅದೇ ಟೈಮಿಗೆ ಅವರ ಮುಂದೇನೇ ನಮ್ಮ ಟೂರಿಸ್ಟ್ ಫ್ಯಾಮಿಲಿಗಳು ಮೂರು ವರ್ಷದ ಮಗೂನ ಎಳ್ಕೊಂಡು ಬುರ್ಜ್ ಖಲೀಫಾ ಪೂರ್ತಿ ಫೋಟೋದಲ್ಲಿ ಬರೋ ಜಾಗ ಹುಡುಕ್ತಾ ಓಡಾಡ್ತಿರ್ತಾರೆ. 828 ಮೀಟರ್ ಇದೆ ಸ್ವಾಮಿ, ಎಲ್ಲೂ ಓಡಿಹೋಗಲ್ಲ, ಸಂಜೆ ಹೊತ್ತಿಗೂ ಅಲ್ಲೇ ಇರುತ್ತೆ.

ಇಷ್ಟೆಲ್ಲ ಬೈತಿದೀನಲ್ಲ, ನಮ್ಮನೇದೇ ಕಥೆ ಹೇಳ್ತೀನಿ. ಹೋದ ವರ್ಷ ಮೇ ಮೂರನೇ ವಾರ ಮುಗಿಯುವಾಗ ತುಮಕೂರಿಂದ ಅಕ್ಕ ಭಾವ ಬಂದ್ರು, ಒಂಬತ್ತು ವರ್ಷದ ಚಿನ್ನು, ನಾಕು ವರ್ಷದ ಪುಟ್ಟ, ಜೊತೆಗೆ ಅಕ್ಕನ ಅತ್ತೆ. ಭಾವ ಪ್ಲ್ಯಾನಿಂಗ್ ಅಂದ್ರೆ ಪ್ರಾಣ ಬಿಡೋ ಮನುಷ್ಯ, ಟ್ರಾವೆಲ್ಸ್‌ನೋರು ಕೊಟ್ಟ ಪ್ಯಾಕೇಜ್ ಮೇಲೆ ತಾವೂ ಒಂದಷ್ಟು ಸೇರಿಸಿ ಎಕ್ಸೆಲ್ ಶೀಟ್ ಮಾಡ್ಕೊಂಡು ಬಂದಿದ್ರು. ಐದು ದಿನಕ್ಕೆ ಹದಿನಾಲ್ಕು ಜಾಗ. ಒಂದೊಂದಕ್ಕೂ ಒಂದೊಂದು ಬಣ್ಣ. ಅದ್ರಲ್ಲಿ ಗ್ಲೋಬಲ್ ವಿಲೇಜ್ ಹಸಿರು ಬಣ್ಣದಲ್ಲಿತ್ತು. "ಭಾವ, ಅದು ಚಳಿಗಾಲದ ಮೇಳ, ಅಕ್ಟೋಬರಲ್ಲಿ ಶುರುವಾಗಿ ಮೇನಲ್ಲಿ ಮುಚ್ಚುತ್ತೆ, ಈಗ ಹೋದ್ರೆ ಗೇಟ್ ಮಾತ್ರ" ಅಂದೆ. ಮಿರಾಕಲ್ ಗಾರ್ಡನ್ ಅನ್ನೋ ಹೂದೋಟವೂ ಜೂನ್ ಹೊತ್ತಿಗೆ ಬಾಗಿಲು ಹಾಕಿದ್ರೆ ಬೇಸಿಗೆ ಕಳೆದ ಮೇಲೇ ತೆರೆಯೋದು, ಆ ಬಿಸಿಲಲ್ಲಿ ಹೂವಾದ್ರೂ ಹೆಂಗೆ ನಿಲ್ಲುತ್ತೆ ಪಾಪ. ಭಾವ ಏನೂ ಮಾತಾಡ್ಲಿಲ್ಲ, ಹಸಿರನ್ನ ಕೆಂಪು ಮಾಡಿದ್ರು ಅಷ್ಟೇ.

ಮೊದಲನೇ ದಿನವೇ ಮಧ್ಯಾಹ್ನ ಬಿರಿಯಾನಿ ಹೊಡೆದು ಮೂರೂವರೆಗೆ ಡೆಸರ್ಟ್ ಸಫಾರಿ ಗಾಡಿ ಹತ್ತಿದ್ರು. ನಾನು ಬೇಡ ಅಂದಿದ್ದೆ, ದುಡ್ಡು ಕಟ್ಟಿಯಾಗಿದೆ ಅಂದ್ರು. ಮರಳ ದಿಬ್ಬದ ಮೇಲೆ ಆ ಗಾಡಿ ಎದ್ದು ಬಿದ್ದು ಓಡುತ್ತಲ್ಲ, ಎರಡನೇ ದಿಬ್ಬಕ್ಕೇ ಪುಟ್ಟ ಎಲ್ಲಾ ಕಕ್ಕೊಂಡ, ಅವನನ್ನ ನೋಡಿ ಚಿನ್ನು, ಚಿನ್ನೂನ ನೋಡಿ ಭಾವ. ಕ್ಯಾಂಪಲ್ಲಿ ಇಳಿದಾಗ ಪುಟ್ಟನ ಚಪ್ಪಲಿ ಒಳಗೆ ಮರಳು ಹೋಗಿ ಅಂಗಾಲು ಕೆಂಪಗಾಗಿತ್ತು, ಸಂಜೆ ಆರಾದ್ರೂ ಮರಳು ತಣ್ಣಗಾಗಿರ್ಲಿಲ್ಲ. ರಾತ್ರಿ ವಾಪಸ್ ಬಂದಾಗ ಅವನ ಮೂಗಲ್ಲಿ ರಕ್ತ. ಅಕ್ಕ ಅಳ್ತಾ ಕೂತ್ಲು, ಅವಳ ಅತ್ತೆ "ತುಮಕೂರಲ್ಲೇ ಇದ್ದಿದ್ರೆ ದೇವರಾಯನದುರ್ಗಕ್ಕಾದ್ರೂ ಹೋಗಿ ಬರ್ಬೋದಿತ್ತು" ಅಂದ್ರು. ಆ ಮಾತಿಗೆ ಯಾರ ಹತ್ರಾನೂ ಉತ್ತರ ಇರ್ಲಿಲ್ಲ.

ಸ್ನಾನಕ್ಕೆ ಅಂತ ಚಿನ್ನು ತಣ್ಣೀರು ನಲ್ಲಿ ತಿರುಗಿಸಿ ಕಿರುಚ್ಕೊಂಡ್ಲು, ಸುಡೋ ನೀರು! ಇಲ್ಲಿರೋರಿಗೆ ಗೊತ್ತು ಇದು, ಟ್ಯಾಂಕ್ ಚಾವಣಿ ಮೇಲಿರುತ್ತೆ, ಹಗಲೆಲ್ಲ ಕಾಯುತ್ತೆ. ಅದಕ್ಕೆ ನಾವು ಬೇಸಿಗೇಲಿ ಗೀಸರ್ ಸ್ವಿಚ್ ಆಫ್ ಮಾಡಿಬಿಡ್ತೀವಿ, ಎಸಿ ಮನೆ ಒಳಗೆ ಆ ಗೀಸರಲ್ಲಿ ನಿಂತ ನೀರು ತಣ್ಣಗಾಗುತ್ತೆ, ಅಂದ್ರೆ ಬಿಸಿನೀರಿನ ನಲ್ಲೀಲಿ ತಣ್ಣೀರು, ತಣ್ಣೀರಿನ ನಲ್ಲೀಲಿ ಬಿಸಿನೀರು. ಚಿನ್ನುಗೆ ಇದು ಎಷ್ಟು ಇಷ್ಟ ಆಯ್ತು ಅಂದ್ರೆ ಅರ್ಧ ಗಂಟೆ ಎರಡೂ ನಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ಲು.

ಆವತ್ತು ರಾತ್ರಿ ನಾನು ಆ ಎಕ್ಸೆಲ್ ಶೀಟ್ ತೊಗೊಂಡು ಜಾಗದ ಕಾಲಂ ಅಳಿಸಿ ಗಂಟೆ ಕಾಲಂ ಮಾಡಿದೆ. ಭಾವನಿಗೆ ಸ್ವಲ್ಪ ಬೇಜಾರೇ ಆಯ್ತು ಅನ್ಸುತ್ತೆ. ನಾನು ಹೇಳಿದ್ದು ಇಷ್ಟೇ, ಇಲ್ಲಿ ಬೇಸಿಗೇಲಿ ದಿನ ಅನ್ನೋದು ಎರಡು ತುಂಡು, ಬೆಳಗ್ಗೆ ಎಂಟೂವರೆ ತನಕ ಒಂದು, ಸಂಜೆ ಆರರ ಮೇಲೆ ಒಂದು, ಮಧ್ಯದ್ದು ನಮ್ದಲ್ಲ. ಇದಕ್ಕೆ ನಮ್ಮ ದೇಶದ ಮಕ್ಕಳಿಗೆ ಒಂದು ಅನುಕೂಲ ಇದೆ, ಇಲ್ಲಿ ಟೈಮು ನಮಗಿಂತ ಒಂದೂವರೆ ಗಂಟೆ ಹಿಂದೆ, ಊರಲ್ಲಿ ಆರೂವರೆಗೆ ಏಳೋ ಮಗು ಇಲ್ಲಿ ಐದಕ್ಕೇ ಕಣ್ಣು ಬಿಟ್ಟು ಅಮ್ಮಾ ಅನ್ನುತ್ತೆ. ಎಲ್ಲರೂ ಅಯ್ಯೋ ಅಂತ ಅದನ್ನ ತಟ್ಟಿ ಮಲಗಿಸ್ತಾರೆ. ಮಲಗಿಸ್ಬೇಡಿ, ಎಬ್ಬಿಸಿ ಕರ್ಕೊಂಡು ಹೊರಡಿ!

ಮಾರನೇ ದಿನ ಆರು ಗಂಟೆಗೆ ಅಲ್ ಫಹೀದಿ ಗಲ್ಲಿಗಳಲ್ಲಿದ್ವಿ. ಹಳೇ ದುಬೈ ಅದು, ಪರ್ಷಿಯಾ ಕಡೆಯಿಂದ ಬಂದ ವ್ಯಾಪಾರಿಗಳು ಕಟ್ಟಿದ ಮನೆಗಳು, ಸಮುದ್ರದ ಹವಳದ ಕಲ್ಲಿನ ಗೋಡೆ. ಎಷ್ಟೋ ಮನೆಗಳ ಮೇಲೆ ಚೌಕದ ಗೋಪುರ, ಅದಕ್ಕೆ ಬರ್ಜೀಲ್ ಅಂತಾರೆ, ನಾಕೂ ಕಡೆ ಬಾಯಿ ತೆರೆದಿರುತ್ತೆ, ಯಾವ ಕಡೆಯಿಂದ ಗಾಳಿ ಬಂದ್ರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತೆ. ಕರೆಂಟ್ ಇಲ್ಲದ ಕಾಲದ ಎಸಿ. ಗಲ್ಲಿಗಳನ್ನ ಬೇಕಂತಲೇ ಇಕ್ಕಟ್ಟಾಗಿ ಮಾಡಿದಾರೆ, ಒಂದು ಗೋಡೆ ನೆರಳು ಇನ್ನೊಂದು ಗೋಡೆಗೆ ಬೀಳಲಿ ಅಂತ. ಮ್ಯೂಸಿಯಂಗಳು ಆ ಹೊತ್ತಿಗೆ ತೆರೆದಿರಲ್ಲ, ಪರವಾಗಿಲ್ಲ, ಪುಟ್ಟನಿಗೆ ಓಡೋಕೆ ಗಲ್ಲಿ ಸಾಕಾಯ್ತು. ಆಮೇಲೆ ಕ್ರೀಕ್, ಅಂದ್ರೆ ಊರೊಳಗೆ ನುಗ್ಗಿರೋ ಸಮುದ್ರದ ಕವಲು, ದಾಟೋಕೆ ಅಬ್ರಾ, ಮರದ ದೋಣಿ, ತಲೆಗೆ ಒಂದು ದಿರ್ಹಮ್, ನಾಣ್ಯ ಕೈಯಲ್ಲೇ ಕೊಡಬೇಕು. ಅಷ್ಟೊತ್ತಿಗೆ ದೋಣೀಲಿ ಟೂರಿಸ್ಟುಗಳೇ ಇರಲ್ಲ, ಆಚೆ ದಡದ ಡೇರಾ ಕಡೆ ಅಂಗಡಿ ಕೆಲಸಕ್ಕೆ ಹೋಗೋರು. ಅಕ್ಕನ ಅತ್ತೆ ಪಕ್ಕ ಕೂತಿದ್ದ ಹುಡುಗ ಭಟ್ಕಳದೋನು, ಇವರು ಕನ್ನಡ ಮಾತಾಡೋದು ಕೇಳಿ "ಯಾವೂರಮ್ಮ" ಅಂದ. ಐದು ದಿನದಲ್ಲಿ ಅವರು ಬಾಯ್ತುಂಬ ಮಾತಾಡಿದ್ದು ಅಲ್ಲೇ.

ವಾಪಸ್ ಬಂದು ಮೀನಾ ಬಜಾರ್ ಹತ್ರ ದೋಸೆ (ಬರ್ ದುಬೈ, ಕರಾಮಾದಲ್ಲಿ ಉಡುಪಿ ಸ್ಟೈಲ್ ಹೋಟೆಲ್‌ಗೆ ಬರ ಇಲ್ಲ, ಎಂಟಿಆರ್ ಪ್ಯಾಕೆಟ್ ಸೂಟ್‌ಕೇಸ್ ತುಂಬ ತರ್ಬೇಡಿ), ಒಂಬತ್ತಕ್ಕೆ ರೂಮು, ಮಧ್ಯಾಹ್ನ ನಿದ್ದೆ. ರಜದಲ್ಲಿ ಬಂದು ಮಲಗೋದಾ ಅಂತ ಭಾವ ಗೊಣಗಿದ್ರು, ಹತ್ತು ನಿಮಿಷಕ್ಕೆ ಅವರದೇ ಗೊರಕೆ.

ಮೆಟ್ರೋ ಬಗ್ಗೆ ಒಂದು ಮಾತು. 2009ರಿಂದ ಓಡ್ತಿದೆ, ಡ್ರೈವರ್ ಇಲ್ಲ, ಮುಂದಿನ ಗಾಜಿಂದ ಹಳಿ ಕಾಣುತ್ತೆ, ಮಕ್ಕಳಿಗೆ ಅದೇ ಒಂದು ರೈಡು. ಆದ್ರೆ ಒಳಗೆ ತಿನ್ನೋದು ಕುಡಿಯೋದು ಮಾಡಿದ್ರೆ 100 ದಿರ್ಹಮ್ ದಂಡ, ಮಗು ಕೈಗೆ ಬಿಸ್ಕೆಟ್ ಕೊಡೋ ಮುಂಚೆ ಯೋಚಿಸಿ. ಮತ್ತೆ ದುಬೈ ಮಾಲ್ ಸ್ಟೇಷನ್ ಅಂತ ಹೆಸರು ನೋಡಿ ಇಳಿದ ತಕ್ಷಣ ಮಾಲ್ ಅನ್ಕೋಬೇಡಿ, ಎಸಿ ಸೇತುವೆ ಮೇಲೆ ಹತ್ರತ್ರ 820 ಮೀಟರ್ ನಡೀಬೇಕು, ನಡುನಡುವೆ ಓಡೋ ಪಟ್ಟಿ ಇದೆ, ಆದ್ರೂ ನಾಕು ವರ್ಷದೋನು ಅರ್ಧದಲ್ಲಿ ಎತ್ಕೋ ಅಂತಾನೆ. ಅಲ್ಲಿ ಅಕ್ವೇರಿಯಂಗೆ ಟಿಕೆಟ್ ತೊಗೊಂಡೇ ನೋಡ್ಬೇಕು ಅಂತೇನಿಲ್ಲ, ಹೊರಗಿನ ಗಾಜಿಗೆ ಮೂಗು ಒತ್ತಿ ನಿಂತ್ರೂ ಶಾರ್ಕ್ ಅಷ್ಟೇ ದೊಡ್ಡದಾಗಿ ಕಾಣುತ್ತೆ. ಬೀಚಿಗೂ ರಾತ್ರೀನೇ ಹೋಗಿ. ಜುಮೇರಾ 2, ಜುಮೇರಾ 3, ಉಮ್ ಸುಖೀಮ್ 1 ಇಲ್ಲೆಲ್ಲ 2023ರಿಂದ ಫ್ಲಡ್‌ಲೈಟ್ ಹಾಕಿ ರಾತ್ರಿ ಈಜೋಕೆ ಬಿಟ್ಟಿದಾರೆ, ನೀರು ಬೆಚ್ಚಗೆ ಎಣ್ಣೆಸ್ನಾನದ ಹಂಡೆ ನೀರಿನ ಹದದಲ್ಲಿರುತ್ತೆ. ಪುಟ್ಟ ಹನ್ನೊಂದಾದ್ರೂ ಎದ್ದು ಬರ್ಲಿಲ್ಲ.

ಕುಡಿಯೋಕೆ ಜ್ಯೂಸು ಕೋಲಾ ಅಂತ ಸುರೀಬೇಡಿ. ಸಣ್ಣ ದಿನಸಿ ಅಂಗಡೀಲೂ ಲಬನ್ ಅಂತ ಬಾಟಲ್ ಸಿಗುತ್ತೆ, ನಮ್ಮ ಮಜ್ಜಿಗೇನೇ, ಸ್ವಲ್ಪ ಗಟ್ಟಿ. ನೀರು ಬೆರೆಸಿ ಉಪ್ಪು, ಚಿಟಿಕೆ ಇಂಗು ಹಾಕಿದ್ರೆ ಮುಗೀತು.

ಸೂಟ್‌ಕೇಸ್ ವಿಷಯಕ್ಕೆ ಬಂದ್ರೆ, ಗಸಗಸೆ! ನಮಗೆ ಅದು ಪಾಯಸದ ಸಾಮಾನು, ಇಲ್ಲಿ ಅದು ನಿಷೇಧ, ಮಾದಕ ವಸ್ತುಗಳ ಲೆಕ್ಕಕ್ಕೆ ಸೇರಿಸಿದಾರೆ. ಅಜ್ಜಿ ಪ್ರೀತಿಯಿಂದ ಕಟ್ಟಿ ಕೊಟ್ಟ ಅಂಟಿನುಂಡೆಯಲ್ಲಿ, ಮನೇಲಿ ಕುಟ್ಟಿದ ಮಸಾಲೆ ಪುಡಿಯಲ್ಲಿ ಅದು ಇರುತ್ತೆ, ಕೇಳಿ ತಿಳ್ಕೊಂಡು ತನ್ನಿ. ಕೋಡೀನ್ ಇರೋ ಕೆಮ್ಮಿನ ಸಿರಪ್ಪೂ ಹಂಗೇ ಮಕ್ಕಳಿಗೆ ಅಂತ ಬ್ಯಾಗಿಗೆ ಹಾಕ್ಬೇಡಿ. ಬೇರೆ ಔಷಧಿ ಏನಿದ್ರೂ ಡಾಕ್ಟರ್ ಚೀಟಿ ಜೊತೆಗಿರ್ಲಿ. ಟ್ಯಾಕ್ಸಿಗೆ ನಾಕೇ ಜನ, ಐದು ಜನ ಇದ್ರೆ ದೊಡ್ಡ ಗಾಡಿ ಇಲ್ಲಾ ಎರಡು ಗಾಡಿ, ಆ ಖರ್ಚು ಯಾರ ಶೀಟಲ್ಲೂ ಇರಲ್ಲ. ಹೋಟೆಲಲ್ಲಿ ಟೂರಿಸಂ ದಿರ್ಹಮ್ ಅಂತ ದಿನಕ್ಕೆ ರೂಮಿಗೆ 7ರಿಂದ 20 ಬೇರೆ ಕೇಳ್ತಾರೆ, ಅದು ಮೋಸ ಅಲ್ಲ, ಜಗಳ ಮಾಡ್ಬೇಡಿ.

ನನ್ನನ್ನ ಕೇಳಿದ್ರೆ ಡಿಸೆಂಬರ್ ಜನವರಿ. ದುಬಾರಿ, ರಶ್ಶು, ಮಕ್ಕಳಿಗೆ ಕ್ರಿಸ್‌ಮಸ್ ರಜ ಹತ್ತು ದಿನ ಸಿಕ್ಕರೆ ಹೆಚ್ಚು, ಎಲ್ಲಾ ಗೊತ್ತು. ಐದು ದಿನದ ಬದಲು ಮೂರು ದಿನ ಬನ್ನಿ, ಹದಿನಾಲ್ಕರ ಬದಲು ನಾಕು ಜಾಗ ನೋಡಿ. ದಸರಾ ರಜ ಮಧ್ಯಮ, ಹಗಲು ಬಿಸಿಲು ಇನ್ನೂ ಜೋರೇ ಇರುತ್ತೆ, ಆದ್ರೆ ಅಕ್ಟೋಬರ್ ಕೊನೆ ಕಡೆಗೆ ಬಿದ್ರೆ ಸಂಜೆ ಆಚೆ ಕೂರ್ಬೋದು. ಮೇನಲ್ಲೇ ರಜ ಸಿಗೋದು, ಬೇರೆ ದಾರಿ ಇಲ್ಲ ಅನ್ನೋರನ್ನ ನಾನು ಬರ್ಬೇಡಿ ಅನ್ನಲ್ಲ, ಬೆಳಗ್ಗೆ ಐದಕ್ಕೆ ಏಳೋಕೆ ರೆಡಿ ಇದ್ರೆ ಬನ್ನಿ.

ಟಿಕೆಟ್ ಆಗ್ಲೇ ಬುಕ್ ಆಗಿದೆ ಅನ್ನೋರು ಹೋಟೆಲ್ ಯಾವ ಏರಿಯಾ ಅಂತ ಮೆಸೇಜ್ ಹಾಕಿ, ಮೆಟ್ರೋ ಸ್ಟೇಷನ್‌ಗೆ ಮಗೂನ ಎತ್ಕೊಂಡು ಎಷ್ಟು ದೂರ ನಡೀಬೇಕು ಅಂತ ಹೇಳ್ತೀನಿ. ಅಂಟಿನುಂಡೆ ಗಸಗಸೆ ಹಾಕದೆ ಮಾಡಿಸಿ ತರೋರಿಗೆ ಮನೆ ಅಡ್ರೆಸ್ಸೂ ಕೊಡ್ತೀನಿ.