ಪಂಚಾಯ್ತಿ ಹತ್ತಿರ ಇದೆ, ಕೆಲಸ ಮಾತ್ರ ದೂರ

ನಾನು ಚಿಕ್ಕಮಗಳೂರು ಜಿಲ್ಲೆಯ ಕಳಸದ ಕಡೆಯವನು. ಹನ್ನೊಂದು ವರ್ಷದಿಂದ ಕೇರಳದ ವಯನಾಡಿನ ಕಲ್ಪೆಟ್ಟದಲ್ಲಿದ್ದೇನೆ. ಕಾಫಿ, ಮೆಣಸು, ಜಿಗಣೆ, ಆನೆ ಕಾಟ ಎಲ್ಲ ನಮ್ಮೂರಿನ ಥರಾನೇ. ಜಡಿಮಳೆ ಹಿಡಿದಾಗ ಕಿಟಕಿಯಾಚೆ ನೋಡಿದರೆ ಊರಲ್ಲೇ ಇದ್ದೇನೆ ಅನಿಸುತ್ತದೆ. ಪಂಚಾಯ್ತಿ ಆಫೀಸಿಗೆ ಹೋದಾಗ ಮಾತ್ರ ಬೇರೆ ಊರು ಅಂತ ಗೊತ್ತಾಗುತ್ತದೆ.

ನಾನು ಚಿಕ್ಕವನಿದ್ದಾಗ ಕಳಸ ಮೂಡಿಗೆರೆ ತಾಲೂಕಿನ ಒಂದು ಹೋಬಳಿ. ತಾಲೂಕು ಕೇಂದ್ರಕ್ಕೆ ಸುಮಾರು 60 ಕಿಲೋಮೀಟರ್, ಪೂರಾ ತಿರುವಿನ ರಸ್ತೆ. ಪಹಣಿ ತಿದ್ದುಪಡಿ ಇದ್ದರೆ ಅಪ್ಪ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಿದ್ದರು. ಕಾಗದಪತ್ರ ಒದ್ದೆಯಾಗಬಾರದು ಅಂತ ಗೊಬ್ಬರದ ಮೂಟೆಯ ಒಳಗಿನ ಪ್ಲಾಸ್ಟಿಕ್ ಚೀಲವನ್ನು ಚೆನ್ನಾಗಿ ತೊಳೆದು ಒಣಗಿಸಿ, ಅದರಲ್ಲಿ ಸುತ್ತಿ, ಮೇಲೆ ದಾರ ಕಟ್ಟಿ, ಅಂಗಿಯೊಳಗೆ ಇಟ್ಟುಕೊಂಡು ಹೋಗುತ್ತಿದ್ದರು. ಒಂದು ಸಲ ಒಂದೇ ಒಂದು ಸಹಿ ಬಿಟ್ಟುಹೋಗಿತ್ತು. ಮಾರನೇ ವಾರ ಮತ್ತೆ ಅದೇ ಬಸ್ಸು. ಆ ದಿನದ ಕೂಲಿ, ಬಸ್ ಚಾರ್ಜು, ಊಟ ಎಲ್ಲ ಸೇರಿಸಿದರೆ ಒಂದು ಸಹಿಯ ಬೆಲೆ ಎಷ್ಟಾಯ್ತು ನೋಡಿ. ಇನ್ನು ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡು ಕಡೆಯವರಿಗೆ ಕಳಸವೇ ದೂರವಾಗುತ್ತಿತ್ತು.

ಅದಕ್ಕೇ ಬೆಟ್ಟದ ಜಿಲ್ಲೆಯಲ್ಲಿ ಆಡಳಿತ ಮನೆ ಹತ್ತಿರ ಇರಬೇಕು ಅಂತ ನಾನು ಮೊದಲಿಂದ ನಂಬಿದ್ದೆ. ಇಲ್ಲಿಗೆ ಬಂದ ಮೇಲೆ ಬರೀ ಹತ್ತಿರ ಇದ್ದರೆ ಸಾಲದು ಅಂತ ಗೊತ್ತಾಯ್ತು.

2011ರ ಜನಗಣತಿ ಪ್ರಕಾರ ವಯನಾಡಿನ ಜನ 8.17 ಲಕ್ಷ, ಗ್ರಾಮ ಪಂಚಾಯ್ತಿ 23. ಚಿಕ್ಕಮಗಳೂರಿನ ಜನ 11.38 ಲಕ್ಷ, ಪಂಚಾಯ್ತಿ 200ಕ್ಕೂ ಜಾಸ್ತಿ. ಅಂದರೆ ನಮ್ಮ ಪಂಚಾಯ್ತಿಯೇ ಜನರಿಗೆ ಹತ್ತಿರ. ಆದರೆ ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಪಂಚಾಯ್ತಿಯ ಕೈಯಲ್ಲಿದೆ. ಕೃಷಿ ಭವನ ಪಂಚಾಯ್ತಿ ಮಟ್ಟದಲ್ಲೇ ಇದೆ. 1996ರಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಯೋಜನೆಯನ್ನು ಊರಿನ ಜನರೇ ಮಾಡುವ ಪದ್ಧತಿ, ಶುರುವಾದಾಗ ಕೇರಳ ಸರ್ಕಾರ ತನ್ನ ಯೋಜನಾ ಹಣದ ಶೇಕಡ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಗ್ರಾಮಸಭೆ ವಾರ್ಡಿಗೊಂದರಂತೆ ನಡೆಯುತ್ತದೆ. ನಮ್ಮಲ್ಲಿ? ಉದ್ಯೋಗ ಖಾತ್ರಿ ಕೆಲಸ, ಕುಡಿಯುವ ನೀರು, ಬೀದಿ ದೀಪ, ಮನೆ ಕಂದಾಯ. ಉಳಿದದ್ದು ಏನೇ ಕೇಳಿದರೂ 'ಮೇಲಕ್ಕೆ ಬರೆದಿದ್ದೇವೆ' ಅನ್ನುವ ಉತ್ತರ.

ನನಗೆ ನಿಜವಾಗಿ ನೋವಾಗೋದು ಹೀಗೆ ಅಧಿಕಾರ ಹಂಚುವುದನ್ನು ಕೇರಳಕ್ಕಿಂತ ಮೊದಲು ಮಾಡಿ ತೋರಿಸಿದವರು ನಾವೇ ಅನ್ನೋದಕ್ಕೆ. 1983ರ ಪಂಚಾಯ್ತಿ ಕಾಯ್ದೆ, 1987ರ ಜಿಲ್ಲಾ ಪರಿಷತ್ ಚುನಾವಣೆ, ಹಿಂದೆ ನಿಂತ ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನಿಸಿಕೊಂಡವರು. ಆಗ ಇಡೀ ದೇಶ ಕರ್ನಾಟಕದ ಕಡೆ ನೋಡುತ್ತಿತ್ತು. ಅದನ್ನು ಅಲ್ಲಿಗೇ ಯಾಕೆ ಬಿಟ್ಟೆವು?

ಚಿಕ್ಕಮಗಳೂರಿಗೆ ಇದು ವಯನಾಡಿಗಿಂತ ಜಾಸ್ತಿ ಬೇಕು. ನಮ್ಮದು ಒಂದು ಜಿಲ್ಲೆಯೊಳಗೆ ಎರಡು ಸೀಮೆ. ಶೃಂಗೇರಿಯಲ್ಲಿ ವರ್ಷದ ಮಳೆ 3,000 ಮಿಲಿಮೀಟರ್ ದಾಟುತ್ತದೆ, ಕಡೂರಿನಲ್ಲಿ 600ರ ಆಸುಪಾಸು. ಶೃಂಗೇರಿ ಕಡೆ ಅಡಿಕೆಗೆ ಕೊಳೆರೋಗ, ಕಡೂರಿನ ಕಡೆ ಟ್ಯಾಂಕರ್ ನೀರಿಗೆ ಸಾಲು. ಮಳೆ ರಜೆಯನ್ನೇ ತಾಲೂಕು, ಹೋಬಳಿ ನೋಡಿ ಕೊಡಬೇಕಾದ ಜಿಲ್ಲೆ ಇದು. ರಜೆಗೆ ಇರುವ ಈ ವಿವೇಕ ದುಡ್ಡು ಹಂಚುವಾಗಲೂ ಇರಬೇಕಲ್ವಾ?

ಕೇರಳದಲ್ಲಿ ಎಲ್ಲ ಸರಿಯಿದೆ ಅಂತಲ್ಲ. ವಯನಾಡಿಗೆ ರೈಲಿಲ್ಲ. ನಮಗೆ 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂತು. ಇಲ್ಲಿ ದೊಡ್ಡ ಕಾಯಿಲೆ ಬಂದರೆ ಈಗಲೂ ಒಂಬತ್ತು ಹೇರ್‌ಪಿನ್ ತಿರುವಿನ ತಾಮರಶ್ಶೇರಿ ಘಾಟಿ ಇಳಿದು ಕೋಳಿಕ್ಕೋಡಿಗೆ ಓಡುವವರೇ ಹೆಚ್ಚು. 2019ರ ಆಗಸ್ಟಿನಲ್ಲಿ ಎರಡೂ ಕಡೆ ಗುಡ್ಡ ಜರಿಯಿತು, ಇಲ್ಲಿ ಪುತ್ತುಮಲ, ಅಲ್ಲಿ ನಮ್ಮ ಮಲೆಮನೆ, ಮಧುಗುಂಡಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲದಲ್ಲಿ ಆದದ್ದನ್ನು ಬರೆಯಲು ನನಗೆ ಇನ್ನೂ ಕೈ ಬರುತ್ತಿಲ್ಲ. ಬೆಟ್ಟವನ್ನು ಹೇಗೆ ಬಳಸಬೇಕು ಅನ್ನೋದು ಇಬ್ಬರೂ ಇನ್ನೂ ಕಲಿಯಬೇಕಾದ ಪಾಠ.

ಬಸ್ಸಿನ ವಿಷಯಕ್ಕೆ ಬಂದರೆ ನಮ್ಮವರದೇ ಒಂದು ದಾರಿ ಇತ್ತು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ. ಮಲೆನಾಡಿನ ಮೂಲೆಮೂಲೆಗೆ ಅದರ ಬಸ್ಸು ಹೋಗುತ್ತಿತ್ತು. 2020ರಲ್ಲಿ ನಿಂತುಹೋಯಿತು.

ಈಗ ಕಳಸವೇ ತಾಲೂಕು. ಖುಷಿಯ ವಿಷಯ, ಅಪ್ಪನಿಗೆ ಇನ್ನು 60 ಕಿಲೋಮೀಟರ್ ಹೋಗೋದು ತಪ್ಪಿತು. ಆದರೆ ನಮ್ಮ ಹಳ್ಳದ ಕಾಲುಸಂಕ ಮಳೆಗೆ ಕೊಚ್ಚಿಕೊಂಡು ಹೋದರೆ ಊರವರೇ ಎರಡು ಅಡಿಕೆ ಮರ ಕಡಿದು, ಅಡ್ಡಕ್ಕೆ ದಬ್ಬೆ ಕಟ್ಟಿ ದಾರಿ ಮಾಡಿಕೊಳ್ಳಬೇಕು. ಆ ಜಾಗಕ್ಕೆ ಎರಡು ಕಬ್ಬಿಣದ ತೊಲೆ ಹಾಕುವ ತೀರ್ಮಾನ ನಮ್ಮ ಪಂಚಾಯ್ತಿಯಲ್ಲೇ ಆಗಬೇಕು, ದುಡ್ಡೂ ಅಲ್ಲೇ ಇರಬೇಕು. ಹೋದ ವಾರ ಅಮ್ಮ ಫೋನ್ ಮಾಡಿದ್ದರು. ಈ ಸಲ ಹೊಸ ಮರ ಹಾಕಿದ್ದಾರಂತೆ, ಮಕ್ಕಳು ಹಿಡಿದುಕೊಳ್ಳಲಿ ಅಂತ ಪಕ್ಕಕ್ಕೆ ಒಂದು ಹಗ್ಗವನ್ನೂ ಕಟ್ಟಿದ್ದಾರಂತೆ.