ಕೊಸರಿನ ಕರಿಬೇವು

ಹೋದ ವರ್ಷ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ. ಎರಡು ಕಟ್ಟು ದಂಟು, ಒಂದು ಕಟ್ಟು ಮೆಂತ್ಯ ಕೊಂಡು, ದುಡ್ಡು ಕೊಟ್ಟು, ಚೀಲದ ಬಾಯಿ ಅಗಲಿಸಿಕೊಂಡು ತಳ್ಳುಗಾಡಿಯ ಮುಂದೆ ಸುಮ್ನೆ ನಿಂತಿದ್ದೆ. ಸೊಪ್ಪಿನಾಕೆ ನನ್ನ ಮುಖ ನೋಡಿದಳು. ನಾನು ಕರಿಬೇವಿನ ರಾಶಿ ನೋಡಿದೆ.

"ಕರಿಬೇವು ಬೇಕಾ ಅಣ್ಣ? ಹತ್ತು ರೂಪಾಯಿ."

10 ರೂಪಾಯಿ ದೊಡ್ಡದಲ್ಲ. ಆದರೆ ಕರಿಬೇವು ಕೊಳ್ಳುವ ವಸ್ತುವೇ? ಅದು ಕೊಸರು. ಕೇಳದೆ ಚೀಲಕ್ಕೆ ಬೀಳಬೇಕಾದದ್ದು. ಅದಕ್ಕೂ ರೇಟು ಅಂದರೆ ನಾಳೆ 'ಬನ್ನಿ, ಕೂತ್ಕೊಳ್ಳಿ' ಅನ್ನೋದಕ್ಕೂ ರೇಟು ಬರುತ್ತೆ. "ಬೇಡಮ್ಮ, ಮನೇಲೇ ಬೆಳ್ಕೋತೀನಿ" ಅಂದುಬಿಟ್ಟೆ. ಮನೆ ಅಂದರೆ ಬೆಂಗಳೂರಿನಲ್ಲಿ ಮೂರನೇ ಮಹಡಿ. ಮಣ್ಣು ಕಾಣಬೇಕಾದರೆ ಲಿಫ್ಟಿನಲ್ಲಿ ಇಳಿದು, ಪಾರ್ಕಿಂಗ್ ದಾಟಿ, ರಸ್ತೆ ಅಗೆದಿರುವ ಕಡೆ ಹೋಗಬೇಕು.

ಆಗ ಲಾಲ್‌ಬಾಗಿನಲ್ಲಿ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆದಿತ್ತು. ಗಾಜಿನ ಮನೆಯ ಕಡೆ ತಿರುಗಿಯೂ ನೋಡದೆ ಗಿಡ ಮಾರುವವರ ಹತ್ತಿರ ನುಗ್ಗಿ, ಗೇಣುದ್ದದ ಕರಿಬೇವಿನ ಸಸಿ ತಂದೆ. ಆಮೇಲೆ ಕುಂಡ, ಕೆಮ್ಮಣ್ಣು, ಎರೆಗೊಬ್ಬರ, 5 ಕೆ.ಜಿ.ಯ ತೆಂಗಿನ ನಾರಿನ ಪುಡಿಯ ಇಟ್ಟಿಗೆ. ಇಟ್ಟಿಗೆಯನ್ನು ಬಚ್ಚಲಮನೆಯ ಬಕೆಟ್ಟಿನಲ್ಲಿ ನೆನೆಹಾಕಿದೆ. ಅದು ನೀರು ಕುಡಿದು ಎಷ್ಟು ಪಟ್ಟು ಉಬ್ಬುತ್ತೆ ಅಂತ ಯಾರೂ ಹೇಳಿರಲಿಲ್ಲ. ಆ ದಿನ ಮನೆಯಲ್ಲಿ ಯಾರೂ ಸ್ನಾನ ಮಾಡಲಿಲ್ಲ. ಒಟ್ಟು ಖರ್ಚೆಷ್ಟು ಅಂತ ಹೆಂಡತಿಗೆ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಕುಂಡ ಮಿಕ್ಕಿತಲ್ಲ ಅಂತ ಕೊತ್ತಂಬರಿಯನ್ನೂ ಬಿತ್ತಿದೆ. ಬೀಜವನ್ನು ಎರಡು ಹೋಳು ಮಾಡಿ ಬಿತ್ತಬೇಕು, ಅಷ್ಟು ನನಗೆ ಗೊತ್ತಿತ್ತು. ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ತೆಗೆದು, ಲಟ್ಟಣಿಗೆಯಲ್ಲಿ ಹದವಾಗಿ ಉಜ್ಜಿ, ಬಿತ್ತಿ, ಮೂರು ವಾರ ನೀರು ಹಾಕಿದೆ. ಆಮೇಲೆ ಹೆಂಡತಿ ಕೇಳಿದಳು: "ಆ ಸ್ಟೀಲ್ ಡಬ್ಬೀದಾ? ಅದು ಸಾರಿನಪುಡಿಗೆ ಹುರಿದಿಟ್ಟಿದ್ದು ಕಣ್ರೀ."

ಕರಿಬೇವು ಮಾತ್ರ ಬದುಕಿತು. ಆದರೆ ಬೆಳೆಯಲಿಲ್ಲ. ಚಳಿಗಾಲವೆಲ್ಲ ಮುಷ್ಕರ ಹೂಡಿದ ಹಾಗೆ ನಿಂತಿತ್ತು. ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ತುದಿ ಚಿವುಟಿ. ಚಿವುಟಬೇಡಿ. ಹುಳಿ ಮಜ್ಜಿಗೆ ಹಾಕಿ. ಜನ್ಮದಲ್ಲಿ ಒಂದು ತುಳಸಿಯನ್ನೂ ಉಳಿಸಿಕೊಳ್ಳದವರ ಬಾಯಲ್ಲಿ ಎಷ್ಟೊಂದು ಕೃಷಿಜ್ಞಾನ! ಆದರೂ ಮಜ್ಜಿಗೆ ಹಾಕಿದೆ. ಅದರಿಂದಲೋ ಸೆಕೆಯಿಂದಲೋ, ಯುಗಾದಿ ಕಳೆದ ಮೇಲೆ ಚಿಗುರು ಹೊಡೆಯಿತು. ಜೂನಿನಲ್ಲಿ ಮಳೆ ಬಿದ್ದಾಗ ಸೊಂಟದೆತ್ತರ ಬಂದಿತ್ತು.

ಇನ್ನು ಹುಳದ ಕತೆ ಹೇಳಿಬಿಡುತ್ತೇನೆ.

ಒಂದು ದಿನ ಎಲೆಗಳ ಮೇಲೆ ಹಕ್ಕಿ ಹಿಕ್ಕೆ ಹಾಕಿತ್ತು. ಪಾರಿವಾಳಗಳಿಗೆ ಬೈದುಕೊಂಡು ಒರೆಸಲು ಹೋದೆ. ಹಿಕ್ಕೆ ನಡೆಯಿತು. ಮೊಮ್ಮಗಳು ಓಡಿಬಂದು, "ತಾತ, ಮುಟ್ಟಬೇಡ, ಅದು ಚಿಟ್ಟೆ ಮರಿ" ಅಂದಳು. ಅವಳು ಐದನೇ ಕ್ಲಾಸು, ಅವಳಿಗೆ ಗೊತ್ತಿಲ್ಲದ್ದಿಲ್ಲ. ಕರಿಬೇವು ನಿಂಬೆಯ ಕುಟುಂಬದ್ದಂತೆ. ನಿಂಬೆಯ ಮೇಲೆ ಮೊಟ್ಟೆ ಇಡುವ ಚಿಟ್ಟೆಗಳು ಇದರ ಮೇಲೂ ಇಡುತ್ತವಂತೆ. ಹಕ್ಕಿ ತಿನ್ನದಿರಲಿ ಅಂತ ಮರಿ ಮೊದಲು ಹಿಕ್ಕೆಯ ವೇಷ ಹಾಕುತ್ತದಂತೆ. ವಾರದೊಳಗೆ ಅವು ಬೆರಳಿನಷ್ಟು ದಪ್ಪವಾಗಿ, ಹಸಿರಾಗಿ, ಎಲೆಯ ವೇಷ ಹಾಕಿದವು. ಕಡ್ಡಿಯಿಂದ ಮುಟ್ಟಿದರೆ ತಲೆಯಿಂದ ಕೆಂಪನೆಯ ಕವಲು ಕೊಂಬು ಹೊರಗೆ ಬಂದು ಗಬ್ಬೆಂದು ನಾರುತ್ತಿತ್ತು. ದೊಡ್ಡದಾಗಿ ಹಾರಿದ ಮೇಲೂ ನೆಟ್ಟಗಿಲ್ಲ. ಆ ಜಾತಿಯ ಕೆಲವು ಹೆಣ್ಣುಗಳು ಬೇರೊಂದು ವಿಷದ ಚಿಟ್ಟೆಯ ಹಾಗೆ ಬಣ್ಣ ಹಚ್ಚಿಕೊಂಡು ಓಡಾಡುತ್ತವಂತೆ. ಬದುಕಿನಲ್ಲಿ ಒಮ್ಮೆಯೂ ನಿಜ ಹೇಳದ ಪ್ರಾಣಿ!

ಕಿತ್ತೆಸೆಯೋಣ ಅಂದರೆ ಮೊಮ್ಮಗಳ ಕಾವಲು. ಪಕ್ಕದ ಮನೆ ಮಕ್ಕಳೂ ಬಂದು ಸಾಲಾಗಿ ನಿಂತು ನೋಡಿದರು. ಹುಳಕ್ಕೆ ಹೆಸರಿಟ್ಟರು. ನನ್ನ ಗಿಡದ ಎದುರಿಗೇ, ನನ್ನ ಮಜ್ಜಿಗೆ ಕುಡಿದು ಬೆಳೆದ ಎಲೆಗಳನ್ನು ಅವು ಕರಕರ ತಿನ್ನುವಾಗ ಚಪ್ಪಾಳೆ ತಟ್ಟಿದರು. ಎಂಟು ಹುಳ, ಹತ್ತು ದಿನ. ಗಿಡದಲ್ಲಿ ಉಳಿದದ್ದು ಬರೀ ಕಡ್ಡಿ. ಕೊನೆಗೆ ಒಂದು ಆ ಕಡ್ಡಿಗೇ ಅಂಟಿಕೊಂಡು, ತೆಂಗಿನಮರ ಹತ್ತುವವನ ಹಾಗೆ ನಡುವಿಗೊಂದು ದಾರ ಕಟ್ಟಿಕೊಂಡು ಕೋಶವಾಗಿ ಕೂತಿತು. ಅದು ಹಾರಿದ ಬೆಳಿಗ್ಗೆ ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕರೆದೊಯ್ದು ತೋರಿಸಿದರು. ಕಪ್ಪಗೆ, ಚೆನ್ನಾಗಿಯೇ ಇತ್ತು. ಚೆನ್ನಾಗಿರದೆ ಏನು, ತಿಂದದ್ದು ಕಮ್ಮಿಯೇ?

ಈಗ ಒಗ್ಗರಣೆಗೆ ಬೇಕಾದಾಗ ಎರಡು ಬೀದಿ ಆಚೆಯ ಗಾಡಿಗೆ ಹೋಗುತ್ತೇನೆ. ನಮ್ಮ ಸೊಪ್ಪಿನಾಕೆಗೆ ಗೊತ್ತಾಗಬಾರದಲ್ಲ. ಅಲ್ಲಿ ಕರಿಬೇವು 15 ರೂಪಾಯಿ. ತುಟಿ ಪಿಟಕ್ಕೆನ್ನದೆ ಕೊಟ್ಟು, ಚೀಲದ ತಳಕ್ಕೆ ತುರುಕಿ, ಮೇಲೊಂದು ಎಲೆಕೋಸು ಇಟ್ಟುಕೊಂಡು ಬರುತ್ತೇನೆ.